ಮುಚ್ಚಲು ತಯಾರಿ ಇಲ್ಲದೆ ಮನೆಯ ಮಾಡು ಬಿಚ್ಚಬೇಡಿ

ಮಾನ್ಯ ಸಂಪಾದಕರೇ,

ನಾನು ಕಟಪಾಡಿಯಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಪೇಪರಿಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಇನ್ನೆರಡು ತಿಂಗಳಲ್ಲಿ ನಮ್ಮ ಕರಾವಳಿಯಲ್ಲಿ ಮಾಡಿನ, ಅಂದರೆ ಮನೆಯ ಛಾವಣಿಯ, ಕೆಲಸ ಶುರುವಾಗುತ್ತದೆ. ಹೆಂಚು ಇಳಿಸುವುದು, ಹೆಂಚು ಹೊರುವ ಮರದ ಪಕ್ಕಾಸು ಗೆದ್ದಲು ಹಿಡಿದಿದ್ದರೆ ತೆಗೆಯುವುದು, ಕಬ್ಬಿಣದ ಪೈಪು ಹಾಕುವುದು. ಏಪ್ರಿಲ್ ಮಧ್ಯದ ಬಿಸು ಹಬ್ಬದಿಂದ ಮೇ ಕೊನೆಯ ವಾರದ ಪತ್ತನಾಜೆಯವರೆಗೆ ಸಿಗುವುದು ಸುಮಾರು ನಲವತ್ತು ದಿನ. ಎಲ್ಲರ ಮನೆಯ ಕೆಲಸವೂ ಅಷ್ಟರಲ್ಲೇ ಆಗಬೇಕು. ಕಳೆದ ವರ್ಷ, ಅಂದರೆ 2025ರಲ್ಲಿ, ಆ ನಲವತ್ತು ದಿನ ನಮ್ಮ ಮನೆಯಲ್ಲಿ ಹೇಗೆ ಕಳೆಯಿತು ಎಂದು ಹೇಳಬೇಕು. ಈ ಸಲ ಮಾಡು ಬಿಚ್ಚಲು ಹೊರಟವರು ನಾಲ್ಕು ಮಂದಿ ಓದಿದರೂ ಸಾಕು.

ನಮ್ಮದು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆಯ ಹೆಂಚಿನ ಮನೆ. ನಮ್ಮವರ ಅಜ್ಜ ಕಟ್ಟಿಸಿದ್ದು. ಪಕ್ಕಾಸು ಬೋಗಿ ಮರದ್ದು. ಹೆಂಚುಗಳು ಮಂಗಳೂರಿನಿಂದ ಬಂದವು. ಒಂದೊಂದರ ಅಡಿಯಲ್ಲೂ ಕಾರ್ಖಾನೆಯ ಹೆಸರು ಅಚ್ಚೊತ್ತಿದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ಹೊಳೆಯ ಹತ್ತಿರ, ಹೆಂಚಿನ ಕಾರ್ಖಾನೆ ಶುರು ಮಾಡಿದ್ದು. ಆಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಈಗ ಹೆಚ್ಚಿನವು ಮುಚ್ಚಿವೆ. ಆದರೆ ಅವರು ಸುಟ್ಟ ಹೆಂಚು ಇವತ್ತಿಗೂ ಗಟ್ಟಿ ಉಂಟು, ಬೆರಳಿನಲ್ಲಿ ತಟ್ಟಿದರೆ ಠಣ್ ಎನ್ನುತ್ತದೆ. ಹಾಳಾದದ್ದು ಮರ ಮಾತ್ರ. ಮೂರು ವರ್ಷದಿಂದ ಗೆದ್ದಲು ಒಳಗಿಂದ ತಿನ್ನುತ್ತಿತ್ತು. ಚಾವಡಿಯ ಮೇಲಿನ ಎರಡು ಪಕ್ಕಾಸು ಬಗ್ಗಿ, ಹೆಂಚಿನ ಸಾಲು ಹೊಟ್ಟೆ ಬಿಟ್ಟ ಹಾಗೆ ಕಾಣುತ್ತಿತ್ತು. ಇನ್ನೊಂದು ಮಳೆಗಾಲ ತಡೆಯುವುದಿಲ್ಲ ಎಂದು ಎಲ್ಲರೂ ಹೇಳಿದರು.

ನಮ್ಮವರು ಮುಂಬೈಯಲ್ಲಿ ಹೋಟೆಲಿನ ಅಡುಗೆ ಕೆಲಸದಲ್ಲಿದ್ದಾರೆ. ಮನೆಯಲ್ಲಿ ಇರುವುದು ನಾನು, ಎಂಬತ್ತಮೂರು ವರ್ಷದ ಅತ್ತೆ, ಕಾಲೇಜಿಗೆ ಹೋಗುವ ಮಗಳು. ಹಾಗಾಗಿ ಕಂಟ್ರಾಕ್ಟರ್ ಹತ್ತಿರ ಮಾತಾಡಿದ್ದೂ ನಾನೇ, ಹಣ ಕೊಟ್ಟದ್ದೂ ನಾನೇ. ಒಂಬೈನೂರು ಚದರಡಿ ಮಾಡು. ಮರ ತೆಗೆದು ಕಬ್ಬಿಣದ ಪೈಪು ಹಾಕಿ, ಹಳೆ ಹೆಂಚನ್ನೇ ತೊಳೆದು ಮತ್ತೆ ಕೂರಿಸಲು 3,40,000 ರೂಪಾಯಿ ಎಂದು ಮಾತಾಯಿತು. ನಮ್ಮವರು ಉಳಿಸಿದ್ದು ಸ್ವಲ್ಪ, ನನ್ನ ಚೀಟಿಯ ಹಣ ಸ್ವಲ್ಪ, ಸಂಘದಿಂದ ತೆಗೆದ ಸಾಲ 1,00,000. ಅಡ್ವಾನ್ಸ್ 1,50,000 ಕೊಟ್ಟೆ. ಲೆಕ್ಕ ಬರೆದದ್ದು ಗೋಡೆಯ ಕ್ಯಾಲೆಂಡರಿನ ಹಾಳೆಯ ಹಿಂದೆ. ಅವರು ಸಹಿ ಹಾಕಲಿಲ್ಲ, ನಾನೂ ಕೇಳಲಿಲ್ಲ. "ಅಕ್ಕ, ಹತ್ತು ದಿನದ ಕೆಲಸ. ನೀವು ತಲೆಬಿಸಿ ಮಾಡಬೇಡಿ" ಎಂದರು. ಒಳ್ಳೆಯ ಮಾತಿನ ಮನುಷ್ಯ. ಅವರು ಮಾಡಿದ ಎರಡು ಮನೆ ನೋಡಿಕೊಂಡು ಬಂದಿದ್ದೆ, ಕೆಲಸ ಚೆನ್ನಾಗಿಯೇ ಇತ್ತು.

ಬಿಸು ಕಳೆದ ಮರುದಿನವೇ ಬರುತ್ತೇನೆ ಎಂದಿದ್ದರು. ಬಂದದ್ದು ಮೇ 5ಕ್ಕೆ. ನಾಲ್ಕು ಹುಡುಗರು ಏಣಿ ಇಟ್ಟು ಹತ್ತಿದರು. ಎರಡೇ ದಿನದಲ್ಲಿ ಪೂರ್ತಿ ಮಾಡು ಖಾಲಿ. ಸಾವಿರದ ಮುನ್ನೂರರಷ್ಟು ಹೆಂಚು ಅಂಗಳದಲ್ಲಿ ಸಾಲು ಸಾಲಾಗಿ ನಿಂತವು. ಮೂರನೇ ದಿನ ಬೆಳಿಗ್ಗೆ ಚಾ ಮಾಡಿಟ್ಟು ಕಾದೆ. ಯಾರೂ ಬರಲಿಲ್ಲ.

ಅಲ್ಲಿಂದ ಎಂಟು ದಿನ ಯಾರೂ ಬರಲಿಲ್ಲ. ಪೈಪು ಇನ್ನೂ ತಂದೇ ಇರಲಿಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ. ನಮ್ಮ ಅಡ್ವಾನ್ಸ್ ಹೋಗಿದ್ದು ಇನ್ನೊಂದು ಮನೆಯ ಪೈಪಿಗೆ. ಆ ಮನೆಯವರ ಹಣ ಅದಕ್ಕೂ ಹಿಂದಿನ ಮನೆಗೆ. ಒಂದೇ ಸಲ ಆರು ಮನೆ ಹಿಡಿದಿದ್ದರಂತೆ. ಒಂದು ಕಡೆ ಬಿಚ್ಚಿ ಬಿಟ್ಟರೆ ಆ ಮನೆಯವರು ಬೇರೆಯವರ ಹತ್ತಿರ ಹೋಗುವ ಹಾಗಿಲ್ಲ. ಅದಕ್ಕೇ ಮೊದಲು ಬಿಚ್ಚುವುದು. ಇದು ಅವರ ಹುಡುಗರಲ್ಲೇ ಒಬ್ಬ ನನಗೆ ಹೇಳಿದ್ದು.

ಮಾಡಿಲ್ಲದ ಮನೆಯಲ್ಲಿ ಇರುವುದು ಹೇಗೆ ಎಂದು ಇದ್ದವರಿಗೇ ಗೊತ್ತು. ಹಗಲು ಸೆಕೆ, ಮೇ ತಿಂಗಳ ಬಿಸಿಲು ನೆತ್ತಿಗೆ ನೇರ. ಅಡುಗೆ ಮಾಡುವಾಗ ಪಾತ್ರೆಗೆ ಮಾವಿನ ಎಲೆ, ಹಳೆ ಧೂಳು ಬೀಳುತ್ತಿತ್ತು. ಅತ್ತೆಗೆ ದೇವರ ಕೋಣೆಯ ಮೂಲೆಯಲ್ಲಿ ಒಂದು ಶೀಟು ಕಟ್ಟಿ ಮಂಚ ಹಾಕಿದ್ದೆ. ಅವರು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಆಕಾಶ ನೋಡುತ್ತಾ ಮಲಗಿರುತ್ತಿದ್ದರು. "ಪತ್ತನಾಜೆಗೆ ಹತ್ತು ಹನಿಯಾದರೂ ಬೀಳದೆ ಇರುವುದಿಲ್ಲ" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಗಾಳಿ ತಿರುಗಿದರೆ ಸಾಕು, ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮೊಬೈಲಿನಲ್ಲಿ ಹವಾಮಾನ ನೋಡುವುದು, ಕಂಟ್ರಾಕ್ಟರಿಗೆ ಫೋನ್ ಮಾಡುವುದು, ಇವೆರಡೇ ಕೆಲಸ. ಒಂದು ದಿನ ಇಪ್ಪತ್ತಮೂರು ಸಲ ಫೋನ್ ಮಾಡಿದ್ದೇನೆ. ಎರಡು ಸಲ ಎತ್ತಿದರು. ಎರಡೂ ಸಲ ಒಂದೇ ಮಾತು, "ನಾಳೆ ಗ್ಯಾರಂಟಿ ಅಕ್ಕ."

ನನಗೆ ಬಿಸಿಲಿಗಿಂತ, ಮಳೆಗಿಂತ ಜಾಸ್ತಿ ಕಷ್ಟ ಕೊಟ್ಟದ್ದು ಈ "ನಾಳೆ". ನಾಳೆ ಬರುವುದಿಲ್ಲ, ಇನ್ನು ಎಂಟು ದಿನ ಆಗುತ್ತದೆ ಎಂದು ಹೇಳಿದ್ದರೆ ನಾನು ಟರ್ಪಾಲು ತಂದು ಸರಿಯಾಗಿ ಕಟ್ಟಿಸುತ್ತಿದ್ದೆ. ಅತ್ತೆಯನ್ನು ನಾದಿನಿಯ ಮನೆಗೆ ಕಳಿಸುತ್ತಿದ್ದೆ. ಹೊಲಿಗೆ ಮಿಷನ್ನನ್ನು ಬೇರೆ ಕಡೆ ಇಟ್ಟು ಕೆಲಸ ಮಾಡುತ್ತಿದ್ದೆ. ನಾಳೆ ಬರುತ್ತಾರೆ ಅಂದ ಮೇಲೆ ಏನು ಮಾಡುವುದು? ಕಾಯುವುದು. ಸಾಮಾನು ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು.

ಮೇ ನನ್ನ ಕೆಲಸದ ತಿಂಗಳು. ಮದುವೆಯ ರವಿಕೆಗಳು ಒಂದು ಕಡೆ, ಶಾಲೆಯ ಯೂನಿಫಾರ್ಮ್ ಇನ್ನೊಂದು ಕಡೆ. ಕಳೆದ ವರ್ಷ ಶಾಲೆ ಶುರುವಾದದ್ದು ಮೇ 29ಕ್ಕೆ. ಅಷ್ಟರಲ್ಲಿ ಅರವತ್ತನಾಲ್ಕು ಜೊತೆ ಕೊಡಬೇಕಿತ್ತು. ಕತ್ತರಿಸಿದ ಬಟ್ಟೆಯನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಂಚದ ಕೆಳಗೆ ಇಟ್ಟಿದ್ದೆ. ಬೇರೆ ಜಾಗ ಇರಲಿಲ್ಲ.

ಮೇ 15ಕ್ಕೆ ಅರ್ಧ ಪೈಪು ಬಂತು. ಎರಡು ದಿನ ವೆಲ್ಡಿಂಗ್ ನಡೆಯಿತು. ಮತ್ತೆ ಯಾರೂ ಇಲ್ಲ. ಮೇ 20ರ ಹೊತ್ತಿಗೆ ಕರಾವಳಿಯಲ್ಲಿ ಜೋರು ಮಳೆ ಹಿಡಿಯಿತು. ಆ ವರ್ಷದ ಮಳೆ ನಿಮ್ಮ ಓದುಗರಿಗೆ ನೆನಪಿರಬಹುದು. ಜೂನ್ 1ಕ್ಕೆ ಕೇರಳಕ್ಕೆ ಬರಬೇಕಾದ ಮುಂಗಾರು ಮೇ 24ಕ್ಕೇ ಬಂತು. 2009ರ ನಂತರ ಇಷ್ಟು ಬೇಗ ಬಂದದ್ದು ಅದೇ. ಮೇ 26ಕ್ಕೆ ಮುಂಬೈಯನ್ನೂ ಮುಟ್ಟಿತ್ತು. ನಮ್ಮವರು ಅಲ್ಲಿಂದ ಫೋನ್ ಮಾಡಿ, ಇಲ್ಲಿಯೂ ರಸ್ತೆ ತುಂಬ ನೀರು, ರೈಲು ಸಿಕ್ಕಿದ ಕೂಡಲೇ ಹೊರಡುತ್ತೇನೆ ಎಂದರು. ನಮ್ಮ ಮನೆಯೊಳಗೂ ನೀರು ಎಂದು ನಾನು ಅವರಿಗೆ ಹೇಳಲಿಲ್ಲ.

ಮೊದಲ ಜೋರು ಮಳೆ ಬಂದದ್ದು ರಾತ್ರಿ ಹನ್ನೊಂದರ ನಂತರ. ಮಗಳು ಓಡಿ ಮೈನ್ ಸ್ವಿಚ್ ಆಫ್ ಮಾಡಿದಳು. ಟಾರ್ಚ್ ಬೆಳಕಿನಲ್ಲಿ ನೋಡಿದರೆ ಗೋಡೆಯ ನೆತ್ತಿಯಿಂದ ಕೆಂಪು ನೀರು ಇಳಿಯುತ್ತಿತ್ತು. ಮುರಕಲ್ಲಿನ ಗೋಡೆ ಮೇಲಿನಿಂದ ನೀರು ಕುಡಿದರೆ ಗಾರೆ ಕಳಚುತ್ತದೆ. ಅಜ್ಜನ ಕಾಲದ ಗಾರೆ ಹಾಳೆ ಹಾಳೆಯಾಗಿ ಬಿತ್ತು. ಅತ್ತೆಯ ಮೇಲೆ ಕೊಡೆ ಹಿಡಿದು ನಿಂತೆ. ಅವರು ನಡುಗುತ್ತಿದ್ದರು. ನಾನು ಯಾರನ್ನೂ ಕರೆಯಲಿಲ್ಲ. ಪಕ್ಕದ ಮನೆಯವರೇ ಬಂದು ನೋಡಿ ಭಜನಾ ಮಂದಿರದ ಹುಡುಗರಿಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಎಂಟು ಮಂದಿ ಬಂದರು, ಮಂದಿರದ ಚಪ್ಪರಕ್ಕೆ ಹಾಕುವ ದೊಡ್ಡ ಟರ್ಪಾಲು ಹೊತ್ತುಕೊಂಡು. ಮಳೆಯಲ್ಲೇ ಪೈಪಿನ ಮೇಲೆ ಹತ್ತಿ ಅದನ್ನು ಎಳೆದು ಕಟ್ಟಿದರು. ಎರಡು ಗಂಟೆಯ ಹೊತ್ತಿಗೆ ಅತ್ತೆಯ ಮಂಚದ ಮೇಲೆ ನೀರು ಬೀಳುವುದು ನಿಂತಿತು. ಆ ಹುಡುಗರಿಗೆ ಒಂದು ಲೋಟ ಚಾ ಕೊಡಲೂ ಆಗಲಿಲ್ಲ, ಒಲೆಯೇ ಒದ್ದೆ. ಅವರ ಉಪಕಾರ ನಾನು ಮರೆಯುವುದಿಲ್ಲ.

ಯೂನಿಫಾರ್ಮಿನ ಚೀಲಗಳಲ್ಲಿ ಮೂರು ಹರಿದಿದ್ದವು. ಬಿಳಿ ಅಂಗಿಯ ಬಟ್ಟೆಗೆ ಕೆಂಪು ಮಣ್ಣಿನ ಕಲೆ. ಎಷ್ಟು ತೊಳೆದರೂ ಹೋಗಲಿಲ್ಲ. ಹನ್ನೊಂದು ಅಂಗಿಯ ಬಟ್ಟೆ ನಾನೇ ಹೊಸದಾಗಿ ತಂದೆ. ಪಕ್ಕದ ಮನೆಯ ಜಗಲಿಯಲ್ಲಿ ಮಿಷನ್ ಇಟ್ಟು ರಾತ್ರಿ ಎರಡು ಗಂಟೆಯವರೆಗೆ ಹೊಲಿದೆ. ಇಪ್ಪತ್ತು ಜೊತೆ ತಡವಾಯಿತು. ಮಕ್ಕಳು ಮೊದಲ ದಿನ ಹಳೆ ಅಂಗಿ ಹಾಕಿಕೊಂಡು ಹೋದರು. ಒಬ್ಬ ತಾಯಿ ಬೇಜಾರು ಮಾಡಿಕೊಂಡರು, ಅವರದ್ದು ತಪ್ಪಲ್ಲ. ನಾನೂ ಅವರಿಗೆ "ನಾಳೆ ಕೊಡುತ್ತೇನೆ" ಎಂದಿದ್ದೆ. ಹೇಳಿದ ಮೇಲೆ ನನಗೆ ತುಂಬಾ ನಾಚಿಕೆಯಾಯಿತು. ಮರುದಿನದಿಂದ ಎಲ್ಲರಿಗೂ ಸರಿಯಾದ ತಾರೀಕು ಬರೆದು ಕೊಟ್ಟೆ.

ಕೆಲಸಕ್ಕೆ ಬಂದ ಹುಡುಗರ ಬಗ್ಗೆಯೂ ಹೇಳಬೇಕು. ಇಬ್ಬರು ಕೊಪ್ಪಳ ಕಡೆಯವರು. ಇಪ್ಪತ್ತು ಇಪ್ಪತ್ತೆರಡು ವರ್ಷ ಇರಬಹುದು. ಸೊಂಟಕ್ಕೆ ಹಗ್ಗ ಇಲ್ಲ, ತಲೆಗೆ ಹೆಲ್ಮೆಟ್ ಇಲ್ಲ, ಕಾಲಿಗೆ ಹವಾಯಿ ಚಪ್ಪಲಿ. ಒಂದು ಹೆಂಚು ಎರಡು ಎರಡೂವರೆ ಕಿಲೋ ತೂಗುತ್ತದೆ. ನಾಲ್ಕು ಹೆಂಚು ಒಟ್ಟಿಗೆ ಹಿಡಿದು ಪೈಪಿನ ಮೇಲೆ ನಡೆಯುತ್ತಿದ್ದರು. ಒಂದು ದಿನ ಒಬ್ಬನ ಕಾಲು ಜಾರಿತು. ಪುಣ್ಯಕ್ಕೆ ಪೈಪು ಕೈಗೆ ಸಿಕ್ಕಿತು. ಹೆಂಚು ಬಿದ್ದು ನನ್ನ ಮಿಷನ್ನಿನ ಹಲಗೆ ಒಡೆಯಿತು. "ಅಮ್ಮಾ, ಹಲಗೆ ಒಡೆದುಹೋಯ್ತು, ಸಾಹುಕಾರ್ರಿಗೆ ಹೇಳಬ್ಯಾಡ್ರಿ" ಎಂದು ಅವನು ಕೈಮುಗಿದ. ಅವನ ಮೊಣಕೈಯಿಂದ ರಕ್ತ ಬರುತ್ತಿತ್ತು. ಎರಡು ವಾರದಿಂದ ಅವರಿಗೆ ಕೂಲಿ ಸಿಕ್ಕಿರಲಿಲ್ಲ. ನನ್ನ ಹತ್ತಿರ ಅಕ್ಕಿಗೆ ಹಣ ಕೇಳಿದರು. ನಮ್ಮ ಮನೆಯಲ್ಲೇ ಊಟ ಹಾಕಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದರೆ ಅಪಘಾತವಾದಾಗ ಸಹಾಯಧನ ಸಿಗುತ್ತದೆ. ಆ ಹುಡುಗರಿಗೆ ಅಂಥ ಮಂಡಳಿ ಉಂಟು ಎಂದೇ ಗೊತ್ತಿರಲಿಲ್ಲ. ಕೆಲಸಕ್ಕೆ ಕರೆದುಕೊಂಡು ಬಂದವರು ಹೇಳಬೇಕಿತ್ತು, ಅಲ್ವಾ?

ಕಂಟ್ರಾಕ್ಟರ್ ಮತ್ತೆ ಮುಖ ತೋರಿಸಿದ್ದು ಜೂನ್ 2ಕ್ಕೆ. ಅಷ್ಟರಲ್ಲಿ ನಮ್ಮವರು ಊರಿಗೆ ಬಂದಿದ್ದರು. ಮಳೆ ಬಿಟ್ಟಾಗ ಕೆಲಸ, ಬಂದಾಗ ನಿಲ್ಲಿಸುವುದು. ಜೂನ್ 11ಕ್ಕೆ ಕೊನೆಯ ಹೆಂಚು ಕೂತಿತು. ಹತ್ತು ದಿನದ ಕೆಲಸಕ್ಕೆ ಮೂವತ್ತೆಂಟು ದಿನ. ಆ ಮೂವತ್ತೆಂಟು ದಿನವೂ ಸಂಘದ ವಾರದ ಕಂತು ತಪ್ಪಲಿಲ್ಲ.

ಮುಗಿದ ಕೆಲಸವಾದರೂ ಸರಿ ಇದೆಯಾ ಎಂದರೆ ಅದೂ ಇಲ್ಲ. ನಮ್ಮ ಊರಿನ ಹಿರಿಯ ಆಚಾರಿಯೊಬ್ಬರು ಬಂದು ನೋಡಿ ಮೂರು ತಪ್ಪು ತೋರಿಸಿದರು. ನಾನು ಅವನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ. ಹಿಂದಿನ ಬದಿಯಲ್ಲಿ ಪೈಪು ಉಳಿಸಲು ಮಾಡಿನ ಇಳಿಜಾರು ಕಡಿಮೆ ಮಾಡಿದ್ದಾರೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು. ಇಳಿಜಾರು ಸಾಲದಿದ್ದರೆ ನೀರು ಬೇಗ ಕೆಳಗೆ ಹೋಗುವುದಿಲ್ಲ. ಗಾಳಿ ಬೀಸಿದಾಗ ಒಂದು ಹೆಂಚಿನ ಅಡಿಯಿಂದ ಮೇಲೇರಿ ಒಳಗೆ ಬರುತ್ತದೆ. ಹಳೆಯವರು ಮಾಡನ್ನು ಅಷ್ಟು ಕಡಿದಾಗಿ ಮಾಡಿದ್ದು ಚೆಂದಕ್ಕಲ್ಲ. ಇನ್ನೊಂದು, ಒಡೆದ ಹೆಂಚಿನ ಬದಲಿಗೆ ಬೇರೆ ಕಾರ್ಖಾನೆಯ ಹಳೆ ಹೆಂಚು ತಂದು ಮಧ್ಯೆ ಮಧ್ಯೆ ಸೇರಿಸಿದ್ದಾರೆ. ನೋಡಲು ಒಂದೇ ಹಾಗೆ ಕಾಣುತ್ತವೆ. ಆದರೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಅಂಚಿನ ಅಳತೆ ಬೇರೆ. ಬೆರಳು ತೂರುವಷ್ಟು ಸಂದು ಬಿಟ್ಟಿದೆ. ಬೇರೆ ಹೆಂಚು ಹಾಕಲೇಬೇಕಿದ್ದರೆ ಒಂದು ಬದಿಗೆ ಪೂರ್ತಿ ಒಂದೇ ಕಾರ್ಖಾನೆಯದ್ದು ಹಾಕಬೇಕಂತೆ. ಮೂರನೆಯದು ಪೈಪಿನ ಬಣ್ಣ. ಕಡಲು ನಮಗೆ ದೂರ ಇಲ್ಲ. ಉಪ್ಪಿನ ಗಾಳಿಗೆ ಮೊದಲು ತುಕ್ಕು ಹಿಡಿಯುವುದು ವೆಲ್ಡಿಂಗ್ ಮಾಡಿದ ಜಾಗ. ಹೆಂಚು ಕೂರಿಸುವ ಮುಂಚೆ ಅಲ್ಲಿ ಉಜ್ಜಿ, ಪ್ರೈಮರ್ ಹಾಕಿ, ಬಣ್ಣ ಬಳಿಯಬೇಕು. ಹೆಂಚು ಕೂತ ಮೇಲೆ ಮೇಲ್ಬದಿಗೆ ಕೈ ಹೋಗುವುದಿಲ್ಲ. ನಮ್ಮಲ್ಲಿ ಅದು ಆಗಿಲ್ಲ. ಡಿಸೆಂಬರಿನಲ್ಲೇ ಕಂದು ಕಲೆ ಕಾಣತೊಡಗಿದೆ.

ಅಡುಗೆ ಕೋಣೆಯ ಮೂಲೆ ಕಳೆದ ಮಳೆಗಾಲ ಪೂರ್ತಿ ಸೋರಿತು. ಬಾಲ್ದಿ ಇಟ್ಟು ದಿನ ತೆಗೆದೆವು. ಅತ್ತೆ ಈಗಲೂ ಮಳೆಯ ಸದ್ದಾದರೆ ಎದ್ದು ಕೂರುತ್ತಾರೆ. ಮಾಡು ಉಂಟು ಅತ್ತೆ, ಮಲಗಿ ಎಂದರೆ ತಲೆಯೆತ್ತಿ ಒಂದು ಸಲ ನೋಡಿಯೇ ಮಲಗುವುದು.

ನನ್ನ ಹತ್ತಿರ ಬ್ಲೌಸ್ ಹೊಲಿಸುವ ಒಬ್ಬರು ವಕೀಲರು. ಅವರು ಹೇಳಿದ ಮೇಲೆ ಗೊತ್ತಾಯಿತು, ಮನೆಯ ಕೆಲಸವೂ ಗ್ರಾಹಕರ ಕಾನೂನಿನ ಒಳಗೆ ಬರುತ್ತದೆ. 2019ರ ಕಾಯ್ದೆಯ ಪ್ರಕಾರ ನಾವು ಇರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಮೊದಲು ಮಾತಾಡಿ ನೋಡಬೇಕು ಎನ್ನುವವರಿಗೆ 1915 ಎಂಬ ಸಹಾಯವಾಣಿ ಉಂಟು. ಒಪ್ಪಂದದ ಕಾಗದ ಇಲ್ಲದಿದ್ದರೂ ಬ್ಯಾಂಕಿನಿಂದ ಹಣ ಹೋದ ಲೆಕ್ಕ, ವಾಟ್ಸಾಪಿನ ಮಾತುಗಳನ್ನು ಸಾಕ್ಷಿಯಾಗಿ ಕೊಡಬಹುದು, ಅಳಿಸಬೇಡಿ ಎಂದರು. ನಾನು ಇನ್ನೂ ದೂರು ಕೊಟ್ಟಿಲ್ಲ. ಹಿಂದಿನ ಬದಿಯನ್ನು ಬಿಸುವಿನ ಮುಂಚೆ ಸರಿಮಾಡಿ ಕೊಡುತ್ತೇನೆ ಎಂದು ಕಂಟ್ರಾಕ್ಟರ್ ಹೇಳಿದ್ದಾರೆ. ಈ ಸಲ ನಾನು ಅದನ್ನು ಬರೆಸಿ ಸಹಿ ಹಾಕಿಸಿಕೊಂಡಿದ್ದೇನೆ. ಕೊಡಬೇಕಾದ 40,000 ಕೈಯಲ್ಲೇ ಇಟ್ಟುಕೊಂಡಿದ್ದೇನೆ.

ಕಂಟ್ರಾಕ್ಟರುಗಳಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ನಿಮ್ಮ ಕಷ್ಟವೂ ನನಗೆ ಗೊತ್ತು. ಕೆಲಸಕ್ಕೆ ಜನ ಸಿಗುವುದಿಲ್ಲ, ಕಬ್ಬಿಣದ ರೇಟು ಏರುತ್ತದೆ, ನಲವತ್ತು ದಿನದಲ್ಲಿ ವರ್ಷದ ದುಡಿಮೆ ಮಾಡಬೇಕು. ಆದರೆ ಪೈಪು ಅಂಗಳಕ್ಕೆ ಬರುವವರೆಗೆ ಒಂದು ಹೆಂಚನ್ನೂ ಇಳಿಸಬೇಡಿ. ಇಡೀ ಮಾಡನ್ನು ಒಂದೇ ಸಲ ಬಿಚ್ಚಬೇಡಿ. ಒಂದು ಬದಿ ಬಿಚ್ಚಿ, ಅದನ್ನು ಮುಚ್ಚಿ, ಆಮೇಲೆ ಇನ್ನೊಂದು ಬದಿ. ಹಿಂದಿನವರು ಹಾಗೆಯೇ ಮಾಡುತ್ತಿದ್ದರಂತೆ. ಬರಲು ಆಗದ ದಿನ ಬರುವುದಿಲ್ಲ ಎಂದು ಹೇಳಿ. ನಾವು ಬೈಯಬಹುದು. ಬೈದರೂ ಟರ್ಪಾಲು ಕಟ್ಟಿಕೊಳ್ಳುತ್ತೇವೆ.

ಪಂಚಾಯತಿನವರಲ್ಲೂ ಒಂದು ಕೋರಿಕೆ. ಏಪ್ರಿಲ್ ಬರುವ ಮುಂಚೆ ನಡೆಯುವ ಗ್ರಾಮಸಭೆಯಲ್ಲಿ ಹತ್ತು ನಿಮಿಷ ಈ ವಿಷಯ ಮಾತಾಡಿ. ಒಂದು ಪುಟದ ಒಪ್ಪಂದದ ನಮೂನೆ ಕನ್ನಡದಲ್ಲಿ ಮಾಡಿಸಿ ಇಡಿ. ಎಷ್ಟು ಹಣ, ಯಾವಾಗ ಯಾವ ಕೆಲಸಕ್ಕೆ, ಇಳಿಜಾರು ಎಷ್ಟು, ಯಾವ ಪೈಪು, ಮಳೆ ಬಂದರೆ ಮುಚ್ಚುವ ಜವಾಬ್ದಾರಿ ಯಾರದ್ದು, ಇಷ್ಟು ಇದ್ದರೆ ಸಾಕು. ಗಂಡಸರು ಹೊರಗೆ ದುಡಿಯುತ್ತಿರುವ ಎಷ್ಟೋ ಮನೆಗಳಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು ನನ್ನಂಥ ಹೆಂಗಸರೇ. ಕಾಗದ ಕೇಳಲು ನಮಗೆ ಸಂಕೋಚ. ಕೇಳಿದರೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೋ ಎಂದು. ಪಂಚಾಯತಿನಲ್ಲೇ ನಮೂನೆ ಸಿಕ್ಕಿದರೆ, ಇದಕ್ಕೆ ಸಹಿ ಹಾಕಿ ಎಂದು ಹೇಳುವುದು ಸುಲಭ.

ನನ್ನ ಮಿಷನ್ನಿಗೆ ಜಗಲಿಯಲ್ಲಿ ಜಾಗ ಕೊಟ್ಟ ಪಕ್ಕದ ಮನೆಯವರೂ ಈ ಏಪ್ರಿಲಿನಲ್ಲಿ ಮಾಡು ಬದಲಿಸುತ್ತಾರೆ. ಮೊನ್ನೆ ಅವರ ಅಂಗಳಕ್ಕೆ ಪೈಪು ಬಂತು. ನಾನೂ ಅವರೂ ನಿಂತು ಒಂದೊಂದಾಗಿ ಎಣಿಸಿ ಬರೆದುಕೊಂಡೆವು. ಹೆಂಚು ಇನ್ನೂ ಮಾಡಿನ ಮೇಲೆಯೇ ಉಂಟು.

— ಒಬ್ಬ ಟೈಲರ್, ಕಟಪಾಡಿ, ಉಡುಪಿ ಜಿಲ್ಲೆ